ಪ್ರೋಬಯಾಟಿಕ್ ಕ್ಯಾಪ್ಸೂಲಿಗೆ ದುಡ್ಡು ಹಾಕಬಹುದಾ? ತಗೊಂಡವರು ಹೇಳಿ

ಕೇಳಿದವರು, ದಾವಣಗೆರೆ: ಹಲ್ಲಿನ ಸೋಂಕಿಗೆ ಆ್ಯಂಟಿಬಯಾಟಿಕ್ ಕೋರ್ಸ್ ಮುಗಿದು ವಾರ ಆಯ್ತು. ಹೊಟ್ಟೆ ಉಬ್ಬರ, ದಿನಕ್ಕೆ ಮೂರ್ನಾಲ್ಕು ಸಲ ತೆಳ್ಳಗೆ ಹೋಗ್ತಿದೆ. ಮೆಡಿಕಲ್ ಅಂಗಡೀಲಿ ತಿಂಗಳ ಪ್ರೋಬಯಾಟಿಕ್ ಕೋರ್ಸ್ (ಕರುಳಿಗೆ ಒಳ್ಳೇದು ಅಂತ ಕೊಡೋ ಜೀವಂತ ಸೂಕ್ಷ್ಮಜೀವಿಗಳು) ತಗೊಳ್ಳಿ ಅಂತಾರೆ. ಪ್ರಯೋಜನ ಇದೆಯಾ?

ಪಿ.ಜೆ. ಬಡಾವಣೆ: ಮೊದಲು ಲೆಕ್ಕ ಹಾಕ್ರಿ. ಕ್ಯಾಪ್ಸೂಲಿಗೆ 20 ರೂಪಾಯಿ ಹಿಡಿದ್ರೂ ದಿನಕ್ಕೆರಡರಂತೆ ತಿಂಗಳಿಗೆ 1,200. ನಿಲ್ಲಿಸಿದ ಮೇಲೆ ಆ ಬ್ಯಾಕ್ಟೀರಿಯಾ ಕರುಳಲ್ಲೇ ಬೀಡು ಬಿಡಲ್ಲ, ಸ್ವಲ್ಪ ದಿನದಲ್ಲೇ ಹೊರಗೆ. ಮತ್ತೆ 1,200! ಡಬ್ಬಿ ಮೇಲೆ ಬರೇ ‘ಲ್ಯಾಕ್ಟೋಬ್ಯಾಸಿಲಸ್’ ಅಂತ ಬ್ಯಾಕ್ಟೀರಿಯಾ ಕುಲದ ಹೆಸರಷ್ಟೇ ಇದ್ರೆ ಅಲ್ಲೇ ಬಿಟ್ಟು ಬನ್ನಿ. ‘ರಾಮ್ನೋಸಸ್ ಜಿಜಿ’ ಥರ ತಳಿಯ ಗುರುತು ಪೂರ್ತಿ ಇರಬೇಕು, ಪರೀಕ್ಷೆ ಆಗಿರೋದು ತಳಿಗೆ. ನಮೂದಿಸಿದ ಜೀವಂತ ಬ್ಯಾಕ್ಟೀರಿಯಾ ಸಂಖ್ಯೆ ತಯಾರಾದ ದಿನದ್ದೋ, ಎಕ್ಸ್‌ಪೈರಿ ತನಕದ್ದೋ ಅದನ್ನೂ ಓದಿ. ಐಬಿಎಸ್‌ಗೆ (ಆಗಾಗ ಹೊಟ್ಟೆನೋವು, ಭೇದಿ, ಮಲಬದ್ಧತೆ ಕಾಡೋ ಕರುಳಿನ ತೊಂದರೆ) ಅಂತ ಮಾರ್ತಾರಲ್ಲ, 2020ರಲ್ಲಿ ಅಮೆರಿಕದ ಜಠರ ತಜ್ಞರ ಸಂಘವೇ ಅದಕ್ಕೆ ಪ್ರೋಬಯಾಟಿಕ್ ಸಂಶೋಧನೆಯ ಹೊರಗೆ ಬಳಸಬೇಡಿ ಅಂದಿದೆ.

ಔಷಧಿ ಕೌಂಟರ್: ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಸ್ವಾಮಿ. ಸ್ಯಾಕರೋಮೈಸಿಸ್ ಬೌಲಾರ್ಡಿ ಬ್ಯಾಕ್ಟೀರಿಯಾನೇ ಅಲ್ಲ, ಯೀಸ್ಟು. ಆ್ಯಂಟಿಬಯಾಟಿಕ್ ಅದನ್ನ ಮುಟ್ಟಲ್ಲ. 250 ಮಿಲಿಗ್ರಾಮಿನದು ದಿನಕ್ಕೆರಡು, ಅದೂ ಆ್ಯಂಟಿಬಯಾಟಿಕ್ ಶುರುವಾದ ದಿನದಿಂದಲೇ. ತಡೆಯೋಕೆ ಇರೋದನ್ನ ಭೇದಿ ಹತ್ತಿದ ಮೇಲೆ ಕೇಳ್ಕೊಂಡು ಬಂದ್ರೆ? ಫಂಗಸ್ ಸೋಂಕಿನ ಮಾತ್ರೆ ಫ್ಲುಕೊನಜೋಲ್ ನಡೀತಿದ್ರೆ ಬೌಲಾರ್ಡಿ ಸಾಯುತ್ತೆ. ಕೀಮೋ ಆಗ್ತಿರೋರಿಗೆ, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕೋ ನಳಿಕೆ) ಹಾಕಿದೋರಿಗೆ ಕೊಡಲೇಬಾರದು, ಯೀಸ್ಟ್ ರಕ್ತಕ್ಕೆ ಸೇರಬಹುದು. ಅವರ ಮಂಚದ ಪಕ್ಕ ಕ್ಯಾಪ್ಸೂಲ್ ಬಿಡಿಸಲೂಬಾರದು. ಲ್ಯಾಕ್ಟೋಬ್ಯಾಸಿಲಸ್ ಆದ್ರೆ ಆ್ಯಂಟಿಬಯಾಟಿಕ್‌ಗೂ ಅದಕ್ಕೂ ಎರಡು ಗಂಟೆ ಅಂತರ. ಬ್ಯಾಸಿಲಸ್ ಕ್ಲಾಸಿಯೈ ಅನ್ನೋ ಬ್ಯಾಕ್ಟೀರಿಯಾದ ಬೀಜಕಣದ 5 ಎಂಎಲ್ ಟ್ಯೂಬಲ್ಲಿ 200 ಕೋಟಿ, ಫ್ರಿಜ್ ಬೇಡ, ಅಲ್ಲಾಡಿಸಿ ಕುಡಿಯೋದು. ಫ್ರಿಜ್‌ನಲ್ಲಿಡಿ ಅಂತ ಬರೆದಿರೋ ಸ್ಯಾಶೆಯನ್ನ ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕೀಲಿ ಮರೆತ್ರೆ ಉಳಿಯೋದು ಪುಡಿ ಮಾತ್ರ.

ಹೊಳಲ್ಕೆರೆ: ಮಾರೋರು ಇನ್ನೇನು ಹೇಳ್ತಾರೆ! ಮನೇಲಿ ಮೊಸರಿಲ್ವಾ? ಕಾಯಿಸಿದ ಹಾಲು 40–43 ಡಿಗ್ರಿಗೆ ಇಳೀಲಿ, ಬೆರಳಿಗೆ ಹಿತವಾದ ಬಿಸಿ. ಅರ್ಧ ಲೀಟರಿಗೆ ಒಂದು ಚಮಚ ಹೆಪ್ಪು. 60 ಡಿಗ್ರಿ ಹಾಲಿಗೆ ಹಾಕಿ ಹೆಪ್ಪು ಸಾಯಿಸಿ, ಆಮೇಲೆ ಹಾಲೇ ಸರಿಯಿಲ್ಲ ಅಂತ ಡೈರಿಗೆ ಬೈತಾರೆ. ಬೇಸಿಗೇಲಿ ಐದಾರು ಗಂಟೆ ಸಾಕು, ಹುಳಿಯೋ ಮೊದಲು ಫ್ರಿಜ್‌ಗೆ. ಮಧ್ಯಾಹ್ನ ಒಂದು ಬಟ್ಟಲು. 1,200ಕ್ಕೆ ಎಷ್ಟು ಲೀಟರ್ ಹಾಲು ಬರುತ್ತೆ, ನೀವೇ ಹೇಳಿ.

ಔಷಧಿ ಕೌಂಟರ್: ಮೊಸರು ಊಟ, ಔಷಧಿಯಲ್ಲ. ನಿಮ್ಮ ಹೆಪ್ಪಲ್ಲಿ ಯಾವ ತಳಿ ಎಷ್ಟಿದೆ? ಪ್ರೋಬಯಾಟಿಕ್ ಅನ್ನಿಸಿಕೊಳ್ಳೋಕೆ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಇರಬೇಕು ಅನ್ನುತ್ತೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ. ಮಜ್ಜಿಗೆಹುಳಿ ಕುದಿಸಿದ ಮೇಲೆ ಎಷ್ಟು ಉಳೀತು?

ಹೊಳಲ್ಕೆರೆ: ಮಜ್ಜಿಗೆಹುಳಿ ಅಂದವರ್ಯಾರು? ಬಟ್ಟಲು ಮೊಸರು ಅಂದೆ. ಓದಿ ಉತ್ತರ ಕೊಡಿ.

ಪಿ.ಜೆ. ಬಡಾವಣೆ: 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಆ್ಯಂಟಿಬಯಾಟಿಕ್ ಆದ ಮೇಲೆ 11 ತಳಿ ಸೇರಿಸಿ ಕೊಟ್ಟು ನೋಡಿದ್ರು. ಏನೂ ತಗೊಳ್ಳದವರ ಸ್ವಂತ ಬ್ಯಾಕ್ಟೀರಿಯಾನೇ ಬೇಗ ವಾಪಸ್ ಬಂತು. ಕೌಂಟರಲ್ಲಿ ಇದನ್ನ ಹೇಳ್ತೀರಾ?

ಔಷಧಿ ಕೌಂಟರ್: ಅದು 21 ಜನರ ಅಧ್ಯಯನ. ಬೌಲಾರ್ಡಿ ಆ 11ರಲ್ಲಿ ಇರಲಿಲ್ಲ. ಅರ್ಧ ಓದಿ ಬರಬೇಡಿ.

ದುರ್ಗದವ: ಭೇದಿ ಆಗ್ತಿರೋದು ಕೇಳಿದವರಿಗೆ, ಜಗಳ ನಿಮಗೆ. ಜ್ವರ, ರಕ್ತ, ಹೊಟ್ಟೆ ಹಿಂಡೋ ನೋವು ಇದ್ರೆ ಡಾಕ್ಟರಿಗೆ ತೋರಿಸಿ, ಮಲ ಪರೀಕ್ಷೇಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ (ಆ್ಯಂಟಿಬಯಾಟಿಕ್ ಆದ ಮೇಲೆ ಭೇದಿ ತರೋ ಬ್ಯಾಕ್ಟೀರಿಯಾ) ನೋಡಿಸಿ. ಅದು ಗೊತ್ತಾಗೋ ತನಕ ಭೇದಿ ಕಟ್ಟೋ ಲೋಪೆರಮೈಡ್ ಮುಟ್ಟಬೇಡಿ. ಓಆರ್‌ಎಸ್ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೇ ಸುರಿದು ಕುಡಿದ್ರೆ ಗಟ್ಟಿಯಾಗಿ ಭೇದಿ ಇನ್ನೂ ಜಾಸ್ತಿ. ಹೊಟ್ಟೆ ಸರಿಯಾಗೋ ತನಕ ಬೆಣ್ಣೆದೋಸೆ, ಮಿರ್ಚಿ ಬಿಡಿ.

ಮಂಡಿಪೇಟೆ: ಬೆಣ್ಣೆದೋಸೆ ಏನ್ ಮಾಡ್ತು ರೀ? ಹಿಟ್ಟು ಹುದುಗಿರುತ್ತೆ, ಅದೂ ಪ್ರೋಬಯಾಟಿಕ್ಕೇ.

ದುರ್ಗದವ: ಹುದುಗಿಸಿದ್ದೆಲ್ಲ ಕಾವಲಿ ಮೇಲೆ ಸತ್ತಿರುತ್ತೆ. ಹೊಟ್ಟೆಗೆ ಹೋಗೋದು ಬೆಣ್ಣೆ.

ಮಂಡಿಪೇಟೆ: ದುರ್ಗದವರಿಗೆ ನಮ್ಮೂರ ದೋಸೆ ಕಂಡ್ರೆ ಮೊದಲಿಂದಲೂ ಹೊಟ್ಟೆಕಿಚ್ಚು. ಅದಕ್ಕೆ ಯಾವ ಕ್ಯಾಪ್ಸೂಲ್ ಐತೆ, ಕೌಂಟರಿನವರು ಹೇಳ್ಲಿ.