ಡಬ್ಲ್ಯು123 ಬೆಂಜ್ (ಹಳೇ ಮರ್ಸಿಡಿಸ್ ಕಾರು), ಪವರ್ ವಿಂಡೋ: ಗ್ಲಾಸ್ ಇಳಿಯುತ್ತೆ, ಏರುವಾಗ ಅರ್ಧಕ್ಕೆ ನಿಲ್ಲುತ್ತೆ. ಸ್ವಿಚ್ಚೋ ಮೋಟರೋ?

ಹಳೇಬೆಂಜ್: 1984ರ ಗಾಡಿ. ಮೋಟರ್ ಕನೆಕ್ಟರ್ ಬಿಚ್ಚಿ ಮೀಟರ್ ಇಟ್ಟೆ, 12 ವೋಲ್ಟ್ ಬರ್ತಿದೆ. ಅಂದ್ಮೇಲೆ ಮೋಟರೇ ಹೋಗಿದೆ.

ವೈರಿಂಗ್_ಪ್ರಿಯ: ಬಿಚ್ಚಿಟ್ಟು ಅಳೆದ್ರೆ ಸ್ವಿಚ್ಚೊಳಗಿನ ಕಾಂಟ್ಯಾಕ್ಟ್ ಸುಟ್ಟಿದ್ರೂ 12 ತೋರಿಸುತ್ತೆ ಸ್ವಾಮಿ, ಕರೆಂಟ್ ಎಳೆಯೋ ಲೋಡ್ ಇಲ್ಲವಲ್ಲ! ಮೋಟರ್ ಸೇರಿಸಿ, ಸ್ವಿಚ್ ಒತ್ತಿ ಹಿಡಿದು, ಸ್ವಿಚ್ಚಿಗೆ ಕರೆಂಟ್ ಬರೋ ಪಿನ್ನಿಗೂ ಹೋಗೋ ಪಿನ್ನಿಗೂ ನಡುವೆ ಅಳೆಯಿರಿ. ಅರ್ಧ ವೋಲ್ಟ್ ದಾಟಿದ್ರೆ ಸ್ವಿಚ್ಚೇ ಕಳ್ಳ. ಅದಕ್ಕೂ ಮೊದಲು ಸೆರಾಮಿಕ್ ಫ್ಯೂಸನ್ನ ಜಾಗದಲ್ಲೇ ಬೆರಳಲ್ಲಿ ಉರುಳಿಸಿ, ತುದಿಗೆ ಕಿಲುಬು ಹಿಡಿದಿರುತ್ತೆ.

ಗ್ಯಾರೇಜ್_ಗೌಡ: ಸ್ವಿಚ್ಚೇ ಕಳ್ಳ ಅಂತ ಗೊತ್ತಿದ್ಮೇಲೆ ಅಳೆಯೋದು ಯಾಕೆ? ಬಿಚ್ಚಿ, 400ರ ಎಮರಿ ಪೇಪರ್ ಎರಡು ಸಲ ಎಳೀರಿ, ಮುಗೀತು.

ವೈರಿಂಗ್_ಪ್ರಿಯ: ಎಮರಿನಾ?! ಆ ಪುಡಿಯಲ್ಲಿ ಕರೆಂಟ್ ಹರಿಯಲ್ಲ, ಮೆತ್ತನೆ ತಾಮ್ರದೊಳಗೆ ಹೂತು ಕೂರುತ್ತೆ. ಗೀರು ಬಿದ್ದಲ್ಲಿ ಕಿಡಿ ಹಾರಿ ಮತ್ತೆ ಕರಿ ಕಟ್ಟುತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ದಪ್ಪ ಕಾಗದದ ಪಟ್ಟಿ ಎಳೀರಿ, ಸಾಕು.

ಗ್ಯಾರೇಜ್_ಗೌಡ: ಕಾಗದ ಎಳೆದ್ರೆ ಕುಳಿ ತುಂಬುತ್ತಾ?

ವೈರಿಂಗ್_ಪ್ರಿಯ: ಕುಳಿ ಬಿದ್ದ ಸ್ವಿಚ್ ಬದಲಾಯಿಸೋದೇ. ಉಜ್ಜಿ ತೆಳು ಮಾಡಿದ್ರೆ ಒತ್ತಡ ಕಮ್ಮಿಯಾಗಿ ಇನ್ನೂ ಬಿಸಿಯಾಗುತ್ತೆ.

ಗ್ಯಾರೇಜ್_ಗೌಡ: "ಬದಲಾಯಿಸೋದೇ" ಅಂತೆ. ಹಳೇ ಗಾಡಿ ಸ್ವಿಚ್ ಬೀದಿಬೀದಿಲಿ ಸಿಗುತ್ತಾ?

ಶಾಲಿನಿ_ಕೆ: ಎಮರಿ ಜಗಳ ಆಮೇಲೆ ಆಡಿ. ಗ್ಲಾಸ್ *ಅರ್ಧಕ್ಕೆ* ನಿಲ್ಲುತ್ತೆ ಅಂದಿದ್ದಾರೆ. ಸ್ವಿಚ್ ಆಗಿದ್ರೆ ಗ್ಲಾಸ್ ಎಲ್ಲಿದ್ರೂ ಒಂದೇ ಥರ ಕೈ ಕೊಡ್ಬೇಕು. ಗ್ಲಾಸ್ ಜಾರೋ ಚಾನಲ್ಲಿನ ರಬ್ಬರ್ ಗಟ್ಟಿಯಾಗಿ ಗ್ಲಾಸನ್ನ ಕಚ್ಚಿದೆ. ಸ್ವಿಚ್ ಒತ್ತಿ, ಎರಡೂ ಅಂಗೈಯಿಂದ ಗ್ಲಾಸ್ ಮೇಲಕ್ಕೆ ತಳ್ಳಿ. ಏರಿದ್ರೆ ಚಾನಲ್ ತೊಳೆದು ಸಿಲಿಕಾನ್ ಸ್ಪ್ರೇ ಹೊಡೀರಿ. ಗ್ರೀಸ್ ಮಾತ್ರ ಬೇಡ, ಧೂಳು ಮೆತ್ತುತ್ತೆ.

ವೈರಿಂಗ್_ಪ್ರಿಯ: ತಳ್ಳಿದ್ರೆ 9 ವೋಲ್ಟಲ್ಲೂ ಏರುತ್ತೆ ಮೇಡಂ. ಅದು ಯಾವ ಸಾಕ್ಷಿ? ಏರೋಕೆ ಬೇರೆ ಕಾಂಟ್ಯಾಕ್ಟ್, ಇಳಿಯೋಕೆ ಬೇರೆ.

ಶಾಲಿನಿ_ಕೆ: ಹಾಗಾದ್ರೆ ಬ್ಯಾಟರಿಯಿಂದ ನೇರ ಎರಡು ದಪ್ಪ ವೈರ್ ಎಳೆದು, ಪ್ಲಸ್ ವೈರಿನ ನಡುವೆ 16 ಆಂಪ್ ಫ್ಯೂಸ್ ಹಾಕಿ ಮೋಟರಿಗೆ ಕೊಡಿ. ಸರಸರ ಏರಿದ್ರೆ ನಿಮ್ಮ ಸ್ವಿಚ್. ಅಲ್ಲೇ ನಿಂತ್ರೆ ಚಾನಲ್.

ಹಳೇಬೆಂಜ್: ಅಥವಾ ಮೋಟರ್! ಒಳಗೆ ಕರೆಂಟ್ ಕೊಡೋ ಕಾರ್ಬನ್ ಬ್ರಷ್ ಸವೆದಿದ್ರೂ ಅಲ್ಲೇ ನಿಲ್ಲುತ್ತೆ. ಅದನ್ನೇ ಮೊದಲಿಂದ ಹೇಳ್ತಿರೋದು.

ಶಾಲಿನಿ_ಕೆ: ಗ್ಲಾಸನ್ನ ಅದನ್ನ ಎತ್ತೋ ರೆಗ್ಯುಲೇಟರಿಂದ ಬಿಡಿಸಿ, ಮೋಟರ್ ಖಾಲಿ ಓಡಿಸಿ ನೋಡಿ. ಬಿಡಿಸೋ ಮೊದಲು ಗ್ಲಾಸ್ ಕೆಳಗೆ ಬೀಳದ ಹಾಗೆ ಟೇಪಲ್ಲಿ ಬಾಗಿಲ ಫ್ರೇಮಿಗೆ ಕಟ್ಟಿ.

ಗ್ಯಾರೇಜ್_ಗೌಡ: ಟೇಪು, ಮೀಟರು, ಕಾಗದ... ಎಮರಿ ಎರಡು ನಿಮಿಷದ ಕೆಲಸ.