ಸಂಘದ ದುಡ್ಡು, ಖಜಾಂಚಿಯ ಮನೆ: ಲೆಕ್ಕ ತಪಾಸಕರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಇಪ್ಪತ್ತು ಜನ ಸೇರಿ ಉಳಿತಾಯ ಗುಂಪು ನಡೆಸ್ತಿದ್ದೀವಿ, ಎಲ್ಲರೂ ದಿನಗೂಲಿಯವರೇ. ದುಡ್ಡು, ಪುಸ್ತಕ, ಬೀಗದ ಕೈ ಮೂರೂ ಖಜಾಂಚಿ ಅಕ್ಕನ ಹತ್ತಿರ ಇವೆ. ಅವರ ಮೇಲೆ ಅನುಮಾನ ಇಲ್ಲ. ಆದರೆ ಮೊತ್ತ ದೊಡ್ಡದಾಗ್ತಾ ಇದೆ, ಒಮ್ಮೆ ಲೆಕ್ಕ ನೋಡೋಣ ಅನಿಸುತ್ತೆ. ಕೇಳಿದರೆ ಬೇಜಾರು ಮಾಡ್ಕೋತಾರೆ ಅಂತ ಯಾರೂ ಬಾಯಿ ಬಿಡ್ತಿಲ್ಲ.

ಉತ್ತರ: ಅವರನ್ನು ಏನೂ ಕೇಳಬೇಡಿ. ಪದ್ಧತಿಯನ್ನೇ ಬದಲಿಸಿ. ನಾಳೆ ಪೆಟ್ಟಿಗೆ ಕಳುವಾದರೂ, ಕೂಡುವಾಗ ಒಂದು ಸೊನ್ನೆ ಆಚೀಚೆಯಾದರೂ ಅಪವಾದ ಬರೋದು ಆ ಅಕ್ಕನೊಬ್ಬರ ತಲೆಗೇ. ಇದನ್ನು ಸಭೆಯಲ್ಲಿ ಹೇಳಿ, ಮೊದಲು ಒಪ್ಪೋರು ಅವರೇ ಆಗಿರಬಹುದು.

1991ರಲ್ಲಿ ಆಫ್ರಿಕಾದ ನೈಜರ್ ದೇಶದಲ್ಲಿ ಕೇರ್ ಅನ್ನೋ ಅಂತರರಾಷ್ಟ್ರೀಯ ನೆರವು ಸಂಸ್ಥೆ ಹಳ್ಳಿ ಹೆಂಗಸರ ಜೊತೆ ಶುರುಮಾಡಿದ ಉಳಿತಾಯ ಗುಂಪಿನ ಮಾದರಿ ಆಮೇಲೆ ಎಷ್ಟೋ ದೇಶಗಳಿಗೆ ಹರಡಿತು. ಇವತ್ತು ಅಂಥ ಗುಂಪುಗಳಲ್ಲಿ ಪೆಟ್ಟಿಗೆಗೆ ಮೂರು ಬೀಗ ಇರುತ್ತೆ. ಕೀಲಿಗಳು ಮೂವರ ಹತ್ತಿರ, ಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿ. ಸಭೆ ಸೇರಿದಾಗಲೇ ತೆಗೆಯೋದು. ಕಳೆದ ಸಲ ಎಷ್ಟು ಉಳಿದಿತ್ತು ಅಂತ ಸದಸ್ಯರು ಬಾಯಲ್ಲಿ ಹೇಳ್ತಾರೆ, ಇಬ್ಬರು ಎಣಿಸ್ತಾರೆ, ಎರಡೂ ತಾಳೆಯಾದ ಮೇಲೆ ಮುಂದಿನ ಕೆಲಸ. ಪಾಸ್‌ಬುಕ್ಕಿನಲ್ಲಿ ಒಂದು ಷೇರಿಗೆ, ಅಂದರೆ ಗುಂಪು ಗೊತ್ತುಮಾಡಿದ ಉಳಿತಾಯದ ಒಂದು ಪಾಲಿಗೆ, ಒಂದು ಮುದ್ರೆ. ಓದು ಬರಹ ಬಾರದವರೂ ಮುದ್ರೆ ಎಣಿಸಿ ತಮ್ಮ ಲೆಕ್ಕ ತಾವೇ ಹಿಡೀತಾರೆ. ಏಳುವ ಮುಂಚೆ ಬಾಕಿ ಮೊತ್ತವನ್ನು ಜೋರಾಗಿ ಹೇಳಿ ಎಲ್ಲರೂ ನೆನಪಿಟ್ಟುಕೊಳ್ಳಬೇಕು.

ನಿಮ್ಮ ಪುಸ್ತಕ ನೋಡುವಾಗ ಅಂಕಿಗಿಂತ ಮೊದಲು ಶಾಯಿ ನೋಡಿ. ಎಷ್ಟೋ ಸಭೆಗಳ ನಮೂದು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ, ಒಂದು ಚಿತ್ತೂ ಇಲ್ಲದೆ ಇದ್ದರೆ ಅದು ಸಭೆಯಲ್ಲಿ ಬರೆದದ್ದಲ್ಲ, ಮನೆಯಲ್ಲಿ ಕೂತು ತುಂಬಿಸಿದ್ದು. ಅದೇ ಮೋಸ ಅಂತಲ್ಲ, ಬಹುಪಾಲು ಸೋಮಾರಿತನ. ಆದರೆ ಮೋಸಕ್ಕೆ ದಾರಿ ಅಲ್ಲಿಂದಲೇ.

ಇನ್ನೊಂದು. ವರ್ಷಕ್ಕೊಮ್ಮೆ ಕೊಟ್ಟ ಸಾಲವನ್ನೆಲ್ಲ ವಾಪಸ್ ತರಿಸಿ, ಉಳಿತಾಯ ಮತ್ತು ಬಡ್ಡಿ ಎರಡನ್ನೂ ಷೇರಿನ ಪ್ರಕಾರ ಹಂಚಿಬಿಡಿ.

ಮರುಪ್ರಶ್ನೆ: ಅಯ್ಯೋ ಮೇಡಂ, ಕಷ್ಟಪಟ್ಟು ಕೂಡಿಸಿದ ಗಂಟು ಒಡೆದುಬಿಡೋದಾ? ದೊಡ್ಡ ಸಾಲ ಬೇಕಾದಾಗ ಏನು ಮಾಡೋದು?

ಉತ್ತರ: ಹಂಚಿದ ದಿನವೇ ಬೇಕಾದಷ್ಟು ಮತ್ತೆ ಹಾಕಿ ಹೊಸ ಸುತ್ತು ಶುರುಮಾಡಿ, ಯಾರೂ ಬೇಡ ಅನ್ನಲ್ಲ. ಹಂಚೋದರ ಗುಟ್ಟು ಬೇರೆ. ಪುಸ್ತಕದಲ್ಲಿ ದುಡ್ಡಿದ್ದು ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಅವತ್ತು ಬಯಲಾಗಲೇಬೇಕು. ಯಾರಿಂದ ಸಾಲ ಬರ್ತಿಲ್ಲ ಅನ್ನೋದೂ ಅವತ್ತೇ ತಿಳಿಯುತ್ತೆ. ನನ್ನಂಥ ತಪಾಸಕರು ಕಾಗದ ನೋಡಿ ಹೇಳೋದಕ್ಕಿಂತ ಇದು ಗಟ್ಟಿ ತಪಾಸಣೆ. ಒಮ್ಮೆಯೂ ಹಂಚದೆ ವರ್ಷಾನುಗಟ್ಟಲೆ ಬೆಳೆಸಿದ ಗುಂಪುಗಳಲ್ಲಿ ವಸೂಲಾಗದ ಹಳೇ ಸಾಲಗಳು "ಬರಬೇಕಾದ ಬಾಕಿ" ಅಂತ ಸುಮ್ಮನೆ ಪುಟದಿಂದ ಪುಟಕ್ಕೆ ಹೋಗ್ತಿರುತ್ತವೆ.

ಪ್ರಶ್ನೆ: ಸಾಲಕ್ಕೆ ಒಂದು ಕಂಪನಿ ವರ್ಷಕ್ಕೆ ಶೇ. 12 ಬಡ್ಡಿ ಅಂತಿದೆ. ಸಹಕಾರ ಸಂಘದವರು ಶೇ. 18 ಅಂತಾರೆ. ಕಂಪನಿಯದ್ದೇ ಕಡಿಮೆ ಅಲ್ವಾ ಮೇಡಂ?

ಉತ್ತರ: ಎಷ್ಟು ಶೇಕಡಾ ಅನ್ನೋದಕ್ಕಿಂತ ಯಾವ ಮೊತ್ತದ ಮೇಲೆ ಬಡ್ಡಿ ಅಂತ ಕೇಳಿ. 12,000 ಸಾಲಕ್ಕೆ ಶೇ. 12ರ ಫ್ಲಾಟ್ ಬಡ್ಡಿ ಅಂದರೆ 1,440. ತಿಂಗಳಿಗೆ 1,120ರಂತೆ 12 ಕಂತು. ನೀವು ಅಸಲು ತೀರಿಸ್ತಾ ಬಂದರೂ ಅವರು ಕೊನೇವರೆಗೂ ಪೂರಾ 12,000ಕ್ಕೇ ಬಡ್ಡಿ ಹಾಕಿರ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇ. 21ಕ್ಕೂ ಹೆಚ್ಚು. ಸಹಕಾರ ಸಂಘದ ಶೇ. 18 ಇಳಿಕೆ ಬಾಕಿಯ ಮೇಲಾದರೆ, ಅಂದರೆ ತೀರಿಸಿ ಉಳಿದ ಅಸಲಿನ ಮೇಲೆ ಮಾತ್ರ ಆದರೆ, ತಿಂಗಳಿಗೆ 1,000 ಅಸಲು ಕಟ್ಟುವಾಗ ಮೊದಲ ತಿಂಗಳ ಬಡ್ಡಿ 180, ಮುಂದಿನದು 165, ಹೀಗೆ ಇಳಿದು ಒಟ್ಟು 1,170 ಆಗುತ್ತೆ. ಸಂಸ್ಕರಣಾ ಶುಲ್ಕ, ವಿಮೆ ಅಂತ ಮುರಿದುಕೊಂಡು ಕೊಡ್ತಾರಾ ಅಂತಲೂ ನೋಡಿ. ಕೈಗೆ ಎಷ್ಟು ಬಂತು, ಕೈಯಿಂದ ಎಷ್ಟು ಹೋಗುತ್ತೆ ಅನ್ನೋ ಎರಡು ಅಂಕಿ ಸಾಕು. ಬರೆದು ಕೊಡಿ ಅಂದಾಗ ಹಿಂದೇಟು ಹಾಕಿದರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ: ಗುಂಪಾಗಿ ಸೇರಿ ತಗೊಂಡ ಸಾಲದಲ್ಲಿ ನಮ್ಮ ಗುಂಪಿನವಳೊಬ್ಬಳು ತನ್ನ ಕಂತು ಕಟ್ಟದೆ ಹೋಗಿಬಿಟ್ಟಳು. ಉಳಿದ ನಾವು ಕಟ್ಟಲೇಬೇಕಾ?

ಉತ್ತರ: ನೀವು ಸಹಿ ಹಾಕಿದ ಕಾಗದದ ನಕಲು ತರಿಸಿ ಓದಿ, ಓದಿಸಿ. ಜಾಮೀನುದಾರರು ಅಂತ ಸಹಿ ಹಾಕಿದ್ದರೆ ಹೊಣೆ ಇದೆ. "ಗುಂಪಿನಲ್ಲಿ ಬಾಕಿ ಇದ್ದರೆ ಮುಂದಿನ ಸಾಲ ಸಿಗಲ್ಲ" ಅಂತಷ್ಟೇ ಇದ್ದರೆ ಅದು ಬೇರೆ ಮಾತು. ವಸೂಲಿಗೆ ಬರುವವರು ಎರಡನ್ನೂ ಒಂದೇ ಮಾಡಿ ಹೇಳ್ತಾರೆ. ಒಬ್ಬರ ಬಾಕಿಗೆ ಎಲ್ಲರೂ ಹೊಣೆ ಅನ್ನೋ ಗುಂಪು ಹೊಣೆ ತೆಗೆದರೆ ಯಾರೂ ಕಟ್ಟಲ್ಲ ಅನ್ನೋದನ್ನೂ ನಂಬಬೇಡಿ. ಫಿಲಿಪ್ಪೀನ್ಸ್‌ನ ಒಂದು ಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞರಾದ ಕ್ಸೇವಿಯರ್ ಗಿನೆ ಮತ್ತು ಡೀನ್ ಕಾರ್ಲನ್ ಕೆಲವು ಗುಂಪುಗಳನ್ನು ಒಬ್ಬೊಬ್ಬರ ಹೊಣೆಗೆ ಬದಲಿಸಿ ನೋಡಿದರು, ಮರುಪಾವತಿ ಕುಸಿಯಲಿಲ್ಲ.

ಕಂತು ಬರೋವರೆಗೂ ಯಾರೂ ಮನೆಗೆ ಹೋಗಬಾರದು ಅಂತ ಕೂರಿಸೋದು ವಸೂಲಿಯಲ್ಲ, ದಬ್ಬಾಳಿಕೆ. ಕೂರಿಸಿದ ದಿನ, ಬಂದವರ ಹೆಸರು ಬರೆದಿಟ್ಟುಕೊಂಡು ಲಿಖಿತ ದೂರು ಕೊಡಿ. ಮನಸ್ಸಾರೆ ಅವಳ ಪರವಾಗಿ ಕಟ್ಟೋದಾದರೆ ರಸೀದಿಯಲ್ಲಿ ಯಾರ ಖಾತೆಗೆ, ಯಾರು ಕಟ್ಟಿದ್ದು ಅಂತ ಎರಡೂ ಹೆಸರು ಹಾಕಿಸಿ. ಇಲ್ಲದಿದ್ದರೆ ಅವಳು ವಾಪಸ್ ಬಂದ ದಿನ ಕೇಳೋಕೆ ನಿಮ್ಮ ಹತ್ತಿರ ಏನೂ ಇರಲ್ಲ.