ಪದಚರ್ಚೆ: 'ಜರ್ನಿಮನ್ ಪಿಚರ್' – ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಕೋಲ್ಬಿ ಲೂಯಿಸ್ ಎಂಬ ಅಮೆರಿಕದ ಬೇಸ್‌ಬಾಲ್ ಪಿಚರ್, ಅಂದರೆ ಚೆಂಡೆಸೆಯುವ ಆಟಗಾರನ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಕಡೆ ನಿಲ್ಲದೆ ತಂಡದಿಂದ ತಂಡಕ್ಕೆ ಹೋಗುತ್ತಾ ಆಡುವ ಇಂಥ ಆಟಗಾರರನ್ನು ಇಂಗ್ಲಿಷಿನಲ್ಲಿ 'ಜರ್ನಿಮನ್' ಅಂತಾರೆ. ಕನ್ನಡದಲ್ಲಿ ಏನು ಹೇಳಬಹುದು? ನನ್ನ ಮನಸ್ಸಿನಲ್ಲಿ ಒಂದು ಪದ ಇದೆ. ಅದು ಎಲ್ಲ ಕಡೆಯವರ ಕಿವಿಗೂ ಹಿಡಿಸುತ್ತದಾ ಅನ್ನೋದೇ ಪ್ರಶ್ನೆ.

ಮೊದಲು ಆಸಾಮಿ ಯಾರು ಅಂತ ಹೇಳಿಬಿಡುತ್ತೇನೆ. ಬರೀ ಪದ ಹಿಡಿದುಕೊಂಡು ವಾದ ಮಾಡಿದರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಗುತ್ತದೆ.

ಲೂಯಿಸ್ ಅವರನ್ನು ಟೆಕ್ಸಸ್ ರೇಂಜರ್ಸ್ ತಂಡ 1999ರ ಡ್ರಾಫ್ಟ್‌ನಲ್ಲಿ (ನೂರಾರು ಹೊಸಬರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವ ಪದ್ಧತಿ) ಆರಿಸಿಕೊಂಡಿತು. 38ನೇ ಆಯ್ಕೆ, ಅಂದರೆ ದೊಡ್ಡ ಭರವಸೆಯೇ. 2002ರಲ್ಲಿ ಅಮೆರಿಕದ ಎಲ್ಲಕ್ಕಿಂತ ಮೇಲಿನ ಹಂತವಾದ ಮೇಜರ್ ಲೀಗ್‌ಗೆ ಬಂದರು. ಆಮೇಲೆ ಭುಜ ಕೈಕೊಟ್ಟಿತು. 2004ರಲ್ಲಿ ಶಸ್ತ್ರಚಿಕಿತ್ಸೆ. 2006ರಲ್ಲಿ ಡೆಟ್ರಾಯಿಟ್ ಪರ ಬರೀ ಎರಡು ಪಂದ್ಯ. 2007ರಲ್ಲಿ ಓಕ್‌ಲ್ಯಾಂಡ್. ಎಲ್ಲೂ ಕಾಲೂರಲು ಆಗಲಿಲ್ಲ. 2008ರಲ್ಲಿ ಜಪಾನಿಗೆ ಹೋದರು, ಹಿರೋಷಿಮಾ ಟೊಯೊ ಕಾರ್ಪ್ ತಂಡಕ್ಕೆ. ಅಮೆರಿಕದಲ್ಲಿ ಬೇಡವಾದ ಆಟಗಾರನ ಕಥೆ ಜಪಾನಿನಲ್ಲಿ ಮುಗಿಯುತ್ತದೆ ಅಂತಲೇ ಆಗ ಜನ ಅಂದುಕೊಳ್ಳುತ್ತಿದ್ದದ್ದು.

ಆದರೆ ಆದದ್ದು ಬೇರೆ. 2008ರಲ್ಲಿ 183 ಸ್ಟ್ರೈಕ್‌ಔಟ್ (ಬ್ಯಾಟ್ ಹಿಡಿದವನನ್ನು ಬರೀ ಎಸೆತದಿಂದಲೇ ಔಟ್ ಮಾಡೋದು), 2009ರಲ್ಲಿ 186. ಎರಡೂ ವರ್ಷ ಅಲ್ಲಿನ ಸೆಂಟ್ರಲ್ ಲೀಗ್‌ನಲ್ಲಿ ಅವರೇ ಮೊದಲು. 2010ರಲ್ಲಿ ಅದೇ ಹಳೆಯ ರೇಂಜರ್ಸ್ ವಾಪಸ್ ಕರೆಸಿಕೊಂಡಿತು. ಆ ಅಕ್ಟೋಬರ್‌ನಲ್ಲಿ ಯಾಂಕೀಸ್ ವಿರುದ್ಧ ಲೀಗ್ ಫೈನಲ್‌ನ ಆರನೇ ಪಂದ್ಯದಲ್ಲಿ ಒಂಬತ್ತು ಇನಿಂಗ್ಸ್ ಪೈಕಿ ಎಂಟನ್ನು ಎಸೆದು ಬರೀ ಒಂದು ರನ್ ಕೊಟ್ಟರು. ರೇಂಜರ್ಸ್ ಮೊದಲ ಸಲ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ವರ್ಲ್ಡ್ ಸೀರೀಸ್‌ಗೆ ಹೋಯಿತು. ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ವಿರುದ್ಧ 4–2ರ ಗೆಲುವು ಬಂತು. ಆ ವೇದಿಕೆಯಲ್ಲಿ ರೇಂಜರ್ಸ್ ಗೆದ್ದ ಮೊತ್ತಮೊದಲ ಪಂದ್ಯ ಅದು. ಎಸೆದವರು ಇದೇ ಲೂಯಿಸ್. 2013ರಲ್ಲಿ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 2014ರಲ್ಲಿ ಮತ್ತೆ ಮೈದಾನಕ್ಕೆ ಇಳಿದರು. 2016ರವರೆಗೂ ಆಡಿದರು.

ಈಗ ಪದಕ್ಕೆ ಬರೋಣ. 'ಜರ್ನಿಮನ್' ಅಂದ ಕೂಡಲೇ ನಮಗೆ ಪ್ರಯಾಣ ನೆನಪಾಗುತ್ತದೆ. ಮೂಲ ಅದಲ್ಲ. ಫ್ರೆಂಚಿನ 'ಜೂರ್ನೆ', ಅಂದರೆ ಒಂದು ದಿನ, ಒಂದು ದಿನದ ಕೆಲಸ. ಯುರೋಪಿನ ಹಳೆಯ ಕಸುಬುದಾರರ ಸಂಘಗಳಲ್ಲಿ ಕಲಿಕೆ ಮುಗಿಸಿ, ಇನ್ನೂ ಸ್ವಂತ ಅಂಗಡಿ ಹಾಕದೆ, ದಿನದ ಕೂಲಿಗೆ ದುಡಿಯುವವನು ಜರ್ನಿಮನ್. ನಮ್ಮ ಗಾರೆ ಕೆಲಸದಲ್ಲಿ ಹೇಳುವುದಾದರೆ ಕೈಯಾಳು ಅನ್ನೋ ಹಂತ ದಾಟಿದ್ದಾನೆ, ಮೇಸ್ತ್ರಿ ಆಗಿಲ್ಲ. ಕೆಲಸ ಚೆನ್ನಾಗಿ ಬರುತ್ತದೆ, ಹೆಸರು ಬಂದಿಲ್ಲ. ಆಟಕ್ಕೆ ಬಂದಮೇಲೆ ಇದಕ್ಕೆ ತಂಡದಿಂದ ತಂಡಕ್ಕೆ ಹೋಗೋದು ಅನ್ನೋ ಅರ್ಥ ಕೂಡ ಸೇರಿಕೊಂಡಿತು. ಹಾಗಾಗಿ ಕನ್ನಡ ಪದಕ್ಕೆ ಎರಡು ಕೆಲಸ ಇದೆ. ಕಸುಬು ಗೊತ್ತಿರುವವನು ಅಂತಲೂ ತೋರಿಸಬೇಕು, ಒಂದು ಕಡೆ ನಿಲ್ಲಲು ಆಗದವನು ಅಂತಲೂ ತೋರಿಸಬೇಕು.

ಎಲ್ಲರಿಗೂ ಮೊದಲು ಹೊಳೆಯೋದು 'ಅಲೆಮಾರಿ ಆಟಗಾರ'. ನನಗೆ ಇದು ಬೇಡ. ಕರ್ನಾಟಕದಲ್ಲಿ ಅಲೆಮಾರಿ, ಅರೆ ಅಲೆಮಾರಿ ಅನ್ನೋದು ಸಮುದಾಯಗಳನ್ನು ಗುರುತಿಸುವ ಸರ್ಕಾರಿ ಪದವೂ ಹೌದು. ಅದರ ಹಿಂದೆ ಬೇರೆಯದೇ ಕಷ್ಟ ಇದೆ. ಇನ್ನೊಂದು ಕಾರಣ, ಅಲೆಯುವವನು ತಾನಾಗಿ ಅಲೆಯುತ್ತಾನೆ. ಪಿಚರ್ ಹಾಗಲ್ಲ. ತಂಡ ಅವನ ಹೆಸರನ್ನು 40 ಜನರ ಪಟ್ಟಿಯಿಂದ ತೆಗೆದು ಬದಿಗಿಟ್ಟರೆ, ಏಳು ದಿನದೊಳಗೆ ಅವನನ್ನು ಬೇರೆ ತಂಡಕ್ಕೆ ಕೊಡಬೇಕು, ಕೆಳಗಿನ ಲೀಗ್‌ಗೆ ಕಳಿಸಬೇಕು, ಇಲ್ಲಾ ಬಿಟ್ಟುಬಿಡಬೇಕು. ಆ ಏಳು ದಿನ ಅವನ ಕೈಯಲ್ಲಿ ಏನೂ ಇರುವುದಿಲ್ಲ. ಎಡ್ವಿನ್ ಜ್ಯಾಕ್ಸನ್ 14 ಮೇಜರ್ ಲೀಗ್ ತಂಡಗಳಿಗೆ ಎಸೆದವರು. 2019ರಲ್ಲಿ ಟೊರೊಂಟೊ ಸೇರಿದಾಗ ಅದೇ ದಾಖಲೆ. ನಮ್ಮಲ್ಲಿ ಪಕ್ಷ ಬಿಟ್ಟು ಪಕ್ಷ ಸೇರುವವರಿಗೆ ಪಕ್ಷಾಂತರಿ ಅಂತೀವಲ್ಲ, ಇವರನ್ನು ತಂಡಾಂತರಿ ಅನ್ನಬಹುದು ಅಂತ ಯಾರಾದರೂ ತಮಾಷೆ ಮಾಡಿಯಾರು. ಆದರೆ ಪಕ್ಷಾಂತರಿ ತಾನೇ ಜಿಗಿಯುತ್ತಾನೆ, ಇವರನ್ನು ದಬ್ಬಿದ್ದೇ ಜಾಸ್ತಿ.

'ಬಾಡಿಗೆ ಆಟಗಾರ' ಊರಿನ ಕಬಡ್ಡಿ, ವಾಲಿಬಾಲ್ ಟೂರ್ನಿಗಳಲ್ಲಿ ಬಯ್ಗುಳದ ಹತ್ತಿರ ಬಂದುಬಿಟ್ಟಿದೆ. 'ನಿಮ್ಮ ಟೀಮಲ್ಲಿ ಊರಿನವರು ಯಾರಿದ್ದಾರೆ, ಎಲ್ಲ ಬಾಡಿಗೆಯವರೇ' ಅನ್ನೋ ಮಾತು ಕೇಳಿರುತ್ತೀರಿ. 'ಎರವಲು ಆಟಗಾರ' ಫುಟ್‌ಬಾಲ್‌ನ ಲೋನ್ ಪದ್ಧತಿಗೆ ಸರಿ. ಅಲ್ಲಿ ವಾಪಸ್ ಕೊಡಲೇಬೇಕು. ಇಲ್ಲಿ ಯಾರೂ ವಾಪಸ್ ಕೇಳೋದಿಲ್ಲ, ಅದೇ ಸಮಸ್ಯೆ. 'ದಿನಗೂಲಿ ಆಟಗಾರ' ಮೂಲಕ್ಕೆ ಹತ್ತಿರ, ಆದರೆ ಕೋಟಿಗಟ್ಟಲೆ ಸಂಬಳದವರಿಗೆ ಈ ಪದ ಹಚ್ಚಿದರೆ ನಿಜವಾದ ದಿನಗೂಲಿಯವರು ನಕ್ಕಾರು.

ಸಂಬಳ ಎಷ್ಟೇ ಇರಲಿ, ಅಭದ್ರತೆ ಮಾತ್ರ ನಿಜ. 2024ರಲ್ಲಿ ಕೊರಿಯಾದ ಎಸ್ಎಸ್‌ಜಿ ಲ್ಯಾಂಡರ್ಸ್ ತಂಡದ ಒಬ್ಬ ವಿದೇಶಿ ಪಿಚರ್ ಗಾಯಗೊಂಡರು. ಅವರ ಜಾಗಕ್ಕೆ ಜಪಾನಿನ ಶಿರಾಕಾವಾ ಕೇಶೋ ಬಂದರು, ಆರು ವಾರದ ಒಪ್ಪಂದದ ಮೇಲೆ. ಆರು ವಾರ ಮುಗಿಯಿತು, ಗಾಯಗೊಂಡವರು ವಾಪಸಾದರು, ಶಿರಾಕಾವಾ ದೂಸಾನ್ ಬೇರ್ಸ್ ತಂಡಕ್ಕೆ ಹೋದರು. ಅಲ್ಲೂ ಇನ್ನೊಬ್ಬರ ಬದಲಿಯಾಗಿಯೇ. 'ಬದಲಿ ಆಟಗಾರ' ಅನ್ನೋ ಪದವನ್ನು ಇಂಥ ಒಪ್ಪಂದಕ್ಕೆ ಮೀಸಲಿಡಬಹುದು. ಮೇಷ್ಟ್ರು ರಜೆ ಹಾಕಿದಾಗ ಬರುವ ಬದಲಿ ಮೇಷ್ಟ್ರು ಇದ್ದಾರಲ್ಲ, ಅದೇ ಅರ್ಥ.

ಕರೆಸಿಕೊಳ್ಳುವ ದೇಶಗಳು ಇಂಥವರನ್ನು ಏನು ಕರೆಯುತ್ತವೆ ಅನ್ನೋದೂ ನೋಡುವ ಹಾಗಿದೆ. ಜಪಾನಿನಲ್ಲಿ 'ಸುಕೆಟ್ಟೊ' ಅಂತಾರೆ. ನೆರವಿಗೆ ಬಂದವನು ಅಂತ ಅರ್ಥ. ಹಿಂದೆ ಕಾಳಗದಲ್ಲಿ ಒಬ್ಬನ ಪರ ನಿಲ್ಲಲು ಬಂದವನಿಗೆ ಆಡುತ್ತಿದ್ದ ಮಾತು. ಮರ್ಯಾದೆ ಇದೆ, ಜೊತೆಗೆ 'ನೀನು ಹೊರಗಿನವನು' ಅನ್ನೋದೂ ಇದೆ. ಕೊರಿಯಾದಲ್ಲಿ ಅಧಿಕೃತವಾಗಿ 'ವಿದೇಶಿ ಆಟಗಾರ'. ಮಾತಿನಲ್ಲಿ 'ಯೊಂಗ್‌ಬ್ಯೊಂಗ್', ಅಂದರೆ ಕೂಲಿ ಸೈನಿಕ. ಒರಟು ಪದ, ಆದರೆ ಅಲ್ಲಿನ ಲೆಕ್ಕಾಚಾರವೂ ಒರಟೇ. ಅಲ್ಲಿನ ವೃತ್ತಿಪರ ಬೇಸ್‌ಬಾಲ್ ಆದ ಕೆಬಿಒ ಲೀಗ್‌ನಲ್ಲಿ ವಿದೇಶಿಯರಿಗೆ ಬಾಗಿಲು ತೆರೆದದ್ದು 1998ರಲ್ಲಿ. ಒಂದು ತಂಡಕ್ಕೆ ಬೆರಳೆಣಿಕೆಯಷ್ಟು ಜಾಗ. 2019ರಿಂದ ಹೊಸದಾಗಿ ಬರುವವರ ಮೊದಲ ವರ್ಷದ ಒಪ್ಪಂದಕ್ಕೆ 10 ಲಕ್ಷ ಡಾಲರ್ ಮಿತಿ. ನಾಲ್ಕು ಪಂದ್ಯ ಕೆಟ್ಟರೆ ಊರಿಗೆ ಟಿಕೆಟ್.

ಹೀಗಿದ್ದೂ ಅಲ್ಲೇ ಬೇರು ಬಿಟ್ಟವರಿದ್ದಾರೆ. ಡಸ್ಟಿನ್ ನಿಪ್ಪರ್ಟ್ 2011ರಲ್ಲಿ ದೂಸಾನ್ ಬೇರ್ಸ್‌ಗೆ ಬಂದರು. ಏಳು ವರ್ಷ ಅಲ್ಲೇ, ಎಂಟನೆಯದು ಕೆಟಿ ವಿಜ್ ತಂಡದಲ್ಲಿ. 2016ರಲ್ಲಿ 22 ಗೆಲುವು, 3 ಸೋಲು (ಬೇಸ್‌ಬಾಲ್‌ನಲ್ಲಿ ಗೆಲುವು ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ), ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ. ಒಟ್ಟು 102 ಗೆಲುವು. ಕೊರಿಯಾದಲ್ಲಿ ನೂರು ಗೆಲುವು ದಾಟಿದ ಮೊದಲ ವಿದೇಶಿ ಪಿಚರ್ ಅವರೇ. ಅಭಿಮಾನಿಗಳು ಅವರ ಹೆಸರಿಗೆ ದೇವರು ಅನ್ನೋ ಪದವನ್ನೇ ಬೆಸೆದು ಅಡ್ಡಹೆಸರು ಇಟ್ಟರು. ಇವರನ್ನು ಕೂಲಿ ಸೈನಿಕ ಅಂತ ಹೇಗೆ ಕರೆಯೋದು? ಮೆರಿಲ್ ಕೆಲಿ ಅವರದ್ದು ಇನ್ನೊಂದು ಥರ. ಅಮೆರಿಕದಲ್ಲಿ ಮೇಜರ್ ಲೀಗ್ ಮೆಟ್ಟಿಲನ್ನೇ ಹತ್ತದೆ ಕೊರಿಯಾಕ್ಕೆ ಹೋದರು. 2015ರಿಂದ 2018ರವರೆಗೆ ಎಸ್‌ಕೆ ವೈವರ್ನ್ಸ್. 2019ರಲ್ಲಿ, 30ನೇ ವಯಸ್ಸಿನಲ್ಲಿ, ಅರಿಜೋನಾ ಪರ ಮೇಜರ್ ಲೀಗ್‌ನ ಮೊದಲ ಪಂದ್ಯ. 2023ರ ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯದಲ್ಲಿ ಏಳು ಇನಿಂಗ್ಸ್, 9 ಸ್ಟ್ರೈಕ್‌ಔಟ್, ಗೆಲುವು.

ಇವರೆಲ್ಲರಿಗೂ ಹೊಂದಬೇಕು ಅಂತ ಹುಡುಕಿದಾಗ ನನಗೆ ಸಿಕ್ಕಿದ್ದು ಯಕ್ಷಗಾನದವರ ಮಾತು: 'ತಿರುಗಾಟ'. ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ಮೇಳ ಹೊರಟು ಮೇ ಕೊನೆಯ ಪತ್ತನಾಜೆ ಹೊತ್ತಿಗೆ ಗೆಜ್ಜೆ ಬಿಚ್ಚುವವರೆಗಿನ ಅವಧಿಗೆ ಒಂದು ತಿರುಗಾಟ ಅಂತಾರೆ. ಕಲಾವಿದರ ಪರಿಚಯ ಬರೆಯುವಾಗ 'ಆ ಮೇಳದಲ್ಲಿ ಐದು ತಿರುಗಾಟ, ಈ ಮೇಳದಲ್ಲಿ ಹತ್ತು ತಿರುಗಾಟ' ಅಂತ ಎಣಿಸುತ್ತಾರೆ. ಅದರಲ್ಲಿ ಕೊಂಕು ಇಲ್ಲ. ಮೇಳ ಬದಲಿಸಿದ್ದು ಅನುಭವದ ಲೆಕ್ಕವೇ ಹೊರತು ಕಳಂಕ ಅಲ್ಲ. ಮಳೆಗಾಲದಲ್ಲಿ ಕಲಾವಿದರು ಮುಂಬೈ ಕಡೆ ಆಟಕ್ಕೆ ಹೋಗುವುದುಂಟು. ಅಮೆರಿಕದ ಪಿಚರ್‌ಗಳು ಚಳಿಗಾಲದ ಬಿಡುವಿನಲ್ಲಿ ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ, ಮೆಕ್ಸಿಕೊ ಲೀಗ್‌ಗಳಿಗೆ ಹೋಗುತ್ತಾರೆ. ಸಾಲದ್ದಕ್ಕೆ ಯಕ್ಷಗಾನದವರಿಗೂ ಅದು 'ಆಟ'ವೇ.

ಹಾಗಾಗಿ 'ತಿರುಗಾಟದ ಆಟಗಾರ' ಅನ್ನೋದು ನನ್ನ ಸಲಹೆ. ವಾಕ್ಯದಲ್ಲಿ ಇಟ್ಟು ನೋಡಿ: 'ಲೂಯಿಸ್ ಹಿರೋಷಿಮಾದಲ್ಲಿ ಎರಡು ತಿರುಗಾಟ ಮುಗಿಸಿ ಟೆಕ್ಸಸ್‌ಗೆ ಮರಳಿದರು.' ನನಗಂತೂ ಇದು ಕನ್ನಡವಾಗಿಯೇ ಕೇಳಿಸುತ್ತದೆ. ಕ್ರಿಕೆಟ್‌ಗೂ ಹೊಂದುತ್ತದೆ. ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ 303 ಹೊಡೆದ ಕರುಣ್ ನಾಯರ್ ಕರ್ನಾಟಕ ತಂಡದಲ್ಲಿ ಜಾಗ ಕಳೆದುಕೊಂಡು ವಿದರ್ಭಕ್ಕೆ ಹೋದರು. ಅಲ್ಲಿ ಎರಡು ತಿರುಗಾಟ. 2025ರ ರಣಜಿ ಫೈನಲ್‌ನಲ್ಲಿ ಕೇರಳ ವಿರುದ್ಧ 86 ಮತ್ತು 135 ಹೊಡೆದು ವಿದರ್ಭಕ್ಕೆ ಕಪ್ ಕೊಡಿಸಿ, ವಾಪಸ್ ಕರ್ನಾಟಕಕ್ಕೆ ಬಂದರು. ಲೂಯಿಸ್ ಕಥೆಯ ಅಚ್ಚು! ದಾವಣಗೆರೆಯ ಗಣೇಶ್ ಸತೀಶ್ ಕೂಡ ವಿದರ್ಭ ಸೇರಿ ಎರಡು ಸಲ ರಣಜಿ ಗೆದ್ದರು. ಕ್ರಿಕೆಟ್‌ನವರು ಇವರಿಗೆ 'ಗೆಸ್ಟ್ ಪ್ಲೇಯರ್' ಅಂತಾರೆ. ಅತಿಥಿ ಎಲ್ಲಿಂದ ಬಂದ್ರು, ಸುಮ್ನೆ ಊಟ ಮಾಡಿ ಹೋಗೋಕೆ ಬಂದವರಾ?

ಒಂದು ಆಕ್ಷೇಪ ನಾನೇ ಎತ್ತುತ್ತೇನೆ. ಕರಾವಳಿ ಬಿಟ್ಟರೆ 'ತಿರುಗಾಟ' ಅಂದರೆ ಕೆಲಸ ಇಲ್ಲದೆ ಸುತ್ತೋದು. 'ಏನೋ ನಿಂದು ಬರೀ ತಿರುಗಾಟ' ಅಂತ ಅಮ್ಮಂದಿರು ಬಯ್ಯುವ ಪದ. ಮಂಡ್ಯದವರಿಗೋ ಹಾಸನದವರಿಗೋ 'ತಿರುಗಾಟದ ಆಟಗಾರ' ಅಂದರೆ ಪೋಲಿ ಅಂತ ಅನ್ನಿಸಿದರೆ ಕಷ್ಟ. ಉತ್ತರ ಕರ್ನಾಟಕದಲ್ಲಿ ಕಂಪನಿ ನಾಟಕದವರು 'ಕ್ಯಾಂಪ್' ಅಂತಾರೆ. 'ಬನಶಂಕರಿ ಜಾತ್ರೆಗೆ ಬಾದಾಮಿಯಲ್ಲಿ ಕ್ಯಾಂಪ್' ಅನ್ನೋ ಹಾಗೆ. ಅದು ಊರಿನ ಲೆಕ್ಕ. ಕಂಪನಿ ಬದಲಾದದ್ದು ಅದರಲ್ಲಿ ಬರುವುದಿಲ್ಲ.

ಜೊತೆಗೆ ಒಂದು ಸಣ್ಣ ವಿಷಯ, 'ಪಿಚರ್'. ಹಾಗೇ ಬರೆದರೆ ಅರ್ಧ ಜನ ಪಿಚ್ಚರ್ ಅಂತ ಓದಿಕೊಂಡು ಯಾವ ಸಿನಿಮಾ ಅಂತ ಕೇಳುತ್ತಾರೆ. ಕ್ರಿಕೆಟ್‌ನ ಪಿಚ್ ಬೇರೆ ತಲೆಗೆ ಬರುತ್ತದೆ. 'ಎಸೆತಗಾರ' ಚೆನ್ನಾಗಿದೆ ಅನ್ನಿಸುತ್ತದೆ. ಪತ್ರಿಕೆಗಳು ಕ್ರಿಕೆಟ್ ಚೆಂಡಿಗೆ 'ಎಸೆತ' ಬಳಸಿದರೂ, ನಿಜವಾಗಿ ಮೊಣಕೈ ಮಡಚಿ ಎಸೆಯೋದು ಬೇಸ್‌ಬಾಲ್‌ನಲ್ಲೇ. ಕ್ರಿಕೆಟ್‌ನಲ್ಲಿ ಹಾಗೆ ಎಸೆದರೆ ನೋಬಾಲ್. ಬೌಲರ್ ಬೌಲರ್ ಆಗಿಯೇ ಇರಲಿ, ಎಸೆತಗಾರ ಬೇಸ್‌ಬಾಲ್‌ನವರಿಗೆ ಹೋಗಲಿ.

ಇಷ್ಟು ಕೇಳಬೇಕಿತ್ತು. ನಿಮ್ಮ ಊರಿನ ಕಡೆ 'ತಿರುಗಾಟ'ಕ್ಕೆ ಬಯ್ಗುಳದ ವಾಸನೆ ಎಷ್ಟಿದೆ? ಬಡಗಿ, ಅಕ್ಕಸಾಲಿ, ನೇಕಾರರ ನಡುವೆ ಕಲಿಕೆ ಮುಗಿಸಿಯೂ ಸ್ವಂತ ಅಂಗಡಿ ಹಾಕದವನಿಗೆ ಬೇರೆ ಹೆಸರು ಇದೆಯಾ? ಇದ್ದರೆ ಜಿಲ್ಲೆಯ ಹೆಸರಿನ ಜೊತೆ ಬರೆಯಿರಿ, ವಾಕ್ಯದಲ್ಲಿ ಹೇಗೆ ಬಳಸುತ್ತಾರೆ ಅನ್ನೋದನ್ನೂ ಸೇರಿಸಿ.